ಬೆಂಗಳೂರಿನಲ್ಲಿ ಕಟ್ಟಡ ನಿಯಮಗಳ ಜಾರಿ

ಬೆಂಗಳೂರಿನಲ್ಲಿ ಕಟ್ಟಡ ನಿಯಮಗಳ ಜಾರಿ ಎಂಬುದು ನಗರದ ಖಾಸಗಿ ಸ್ವತ್ತುಗಳಲ್ಲಿ ನಡೆಯುವ ನಿರ್ಮಾಣವು ಮಂಜೂರಾದ ನಕ್ಷೆ, ವಲಯ ನಿಯಮಾವಳಿ ಮತ್ತು ಸುರಕ್ಷತಾ ನಿಯಮಗಳಿಗೆ ಅನುಗುಣವಾಗಿರುವಂತೆ ಸ್ಥಳೀಯ ಆಡಳಿತವು ಕೈಗೊಳ್ಳುವ ಪರಿಶೀಲನೆ, ನೋಟಿಸ್, ದಂಡ, ತೆರವು ಹಾಗೂ ಸಕ್ರಮೀಕರಣದ ಕ್ರಮಗಳನ್ನು ಒಳಗೊಂಡಿದೆ. ಉಲ್ಲಂಘನೆಯನ್ನು ಯಾವ ಹಂತದಲ್ಲಿ ತಡೆಯಬೇಕು ಮತ್ತು ಪೂರ್ಣಗೊಂಡ ಕಟ್ಟಡವನ್ನು ಕೆಡವಬೇಕೇ ಅಥವಾ ದಂಡ ಪಡೆದು ಸಕ್ರಮಗೊಳಿಸಬೇಕೇ ಎಂಬುದು ಈ ವಿಷಯದ ಪ್ರಮುಖ ಚರ್ಚೆಯಾಗಿದೆ.

ಕಾನೂನು ಚೌಕಟ್ಟು

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961 ಭೂಬಳಕೆಯನ್ನು ನಿಯಂತ್ರಿಸುತ್ತದೆ. ಕಟ್ಟಡಗಳ ಮೇಲಿನ ಕ್ರಮಕ್ಕೆ ದೀರ್ಘಕಾಲ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ, 1976ರ 321ನೇ ಕಲಮು ಆಧಾರವಾಗಿತ್ತು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಕಾಯ್ದೆ, 2020ರ 248ನೇ ಕಲಮು ಇದೇ ಸ್ವರೂಪದ ಅಧಿಕಾರವನ್ನು ನೀಡಿತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ, 2024 ಮುಂದಿನ ವರ್ಷದ ಮೇ 15ರಂದು ಜಾರಿಗೆ ಬಂದಿತು. ಅದರನ್ವಯ 2025ರ ಸೆಪ್ಟೆಂಬರ್‌ನಲ್ಲಿ ಒಂದೇ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ರಚನೆಗೊಂಡವು.

321ನೇ ಕಲಮಿನಂತೆ ಆಯುಕ್ತರು ಮೊದಲು ತಾತ್ಕಾಲಿಕ ಆದೇಶ ಹೊರಡಿಸಿ, ಕಾರಣ ಕೇಳುವ ನೋಟಿಸ್ ನೀಡುತ್ತಾರೆ. ಉತ್ತರ ತೃಪ್ತಿಕರವಲ್ಲದಿದ್ದರೆ ಆದೇಶವನ್ನು ಸ್ಥಿರೀಕರಿಸುತ್ತಾರೆ. ಮಾಲೀಕರು ಅದನ್ನು ಪಾಲಿಸದಿದ್ದಲ್ಲಿ ಪಾಲಿಕೆಯೇ ತೆರವುಗೊಳಿಸಿ ವೆಚ್ಚವನ್ನು ವಸೂಲಿ ಮಾಡಬಹುದು. ಅಕ್ರಮ ನಿರ್ಮಾಣವನ್ನು ತಡೆಯದ ಅಧಿಕಾರಿಯ ಮೇಲೆ ದಂಡನೆಗೆ 321ಬಿ ಕಲಮು ಅವಕಾಶ ಕಲ್ಪಿಸುತ್ತದೆ. ಅಕ್ರಮ ಕಟ್ಟಡಗಳಿಂದಲೂ ಆಸ್ತಿ ತೆರಿಗೆ ಸಂಗ್ರಹಿಸಲು 108ಎ ಕಲಮು ಅನುಮತಿಸುತ್ತದೆಯಾದರೂ, ತೆರಿಗೆ ಪಾವತಿಯಿಂದ ಕಟ್ಟಡವು ಸಕ್ರಮವಾಗುವುದಿಲ್ಲ. ‘ಬಿ ಖಾತೆ’ ಎಂದು ಜನರು ಕರೆಯುವ ಪ್ರತ್ಯೇಕ ವಹಿಯ ಮೂಲ ಇದೇ ಆಗಿದೆ.

ಸುರಕ್ಷತೆ ಮತ್ತು ದುರಂತಗಳು

ಸೆಟ್‌ಬ್ಯಾಕ್, ಅಂತಸ್ತುಗಳ ಮಿತಿ ಮತ್ತು ನಿರ್ಗಮನ ಮಾರ್ಗಗಳ ನಿಯಮಗಳು ಗಾಳಿ ಬೆಳಕಿನ ಜೊತೆಗೆ ಪ್ರಾಣರಕ್ಷಣೆಗೂ ಸಂಬಂಧಿಸಿವೆ. 2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಸಂಭವಿಸಿದ ಅಗ್ನಿ ದುರಂತದಲ್ಲಿ 9 ಮಂದಿ ಮೃತಪಟ್ಟರು. 2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 9 ಕಾರ್ಮಿಕರು ಸಾವಿಗೀಡಾದರು. ರಾಜ್ಯದ ಮತ್ತೊಂದು ನಗರವಾದ ಧಾರವಾಡದಲ್ಲಿ 2019ರ ಮಾರ್ಚ್ 19ರಂದು ನಿರ್ಮಾಣ ಹಂತದ ವಾಣಿಜ್ಯ ಕಟ್ಟಡ ಕುಸಿದು 19 ಮಂದಿ ಅಸುನೀಗಿದ್ದರು.

ಅಕ್ರಮ-ಸಕ್ರಮ ಯೋಜನೆ

ಯೋಜನಾ ಕಾಯ್ದೆಯ 76ಎಫ್‌ಎಫ್ ಕಲಮಿನಡಿ ಸಕ್ರಮೀಕರಣ ನಿಯಮಗಳನ್ನು 2014ರಲ್ಲಿ ಪ್ರಕಟಿಸಲಾಯಿತು. 2013ರ ಅಕ್ಟೋಬರ್ 19ಕ್ಕಿಂತ ಮೊದಲಿನ ಉಲ್ಲಂಘನೆಗಳನ್ನು, ವಸತಿ ಕಟ್ಟಡಗಳಲ್ಲಿ ಶೇ. 50 ಮತ್ತು ವಸತಿಯೇತರ ಕಟ್ಟಡಗಳಲ್ಲಿ ಶೇ. 25ರ ಮಿತಿಯೊಳಗೆ, ಶುಲ್ಕ ಪಡೆದು ಸಕ್ರಮಗೊಳಿಸುವುದು ಇದರ ಉದ್ದೇಶವಾಗಿತ್ತು. ಸರ್ಕಾರಿ ಜಮೀನು, ಕೆರೆಯಂಗಳ ಮುಂತಾದವು ಯೋಜನೆಯ ವ್ಯಾಪ್ತಿಗೆ ಬರಲಿಲ್ಲ. 2016ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಯೋಜನೆಯನ್ನು ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು.

ಲಕ್ಷಾಂತರ ಕುಟುಂಬಗಳು ವಾಸಿಸುವ ಮನೆಗಳನ್ನು ಕೆಡವುವುದು ಅಸಾಧ್ಯ ಎಂಬುದು ಯೋಜನೆಯ ಪರವಾದ ವಾದವಾಗಿದೆ. ನಿಯಮ ಪಾಲಿಸಿದವರಿಗೆ ಇದರಿಂದ ಅನ್ಯಾಯವಾಗುತ್ತದೆ ಮತ್ತು ಮುಂದಿನ ಉಲ್ಲಂಘನೆಗಳಿಗೆ ಉತ್ತೇಜನ ದೊರೆಯುತ್ತದೆ ಎಂಬುದು ವಿರೋಧಿಗಳ ಆಕ್ಷೇಪಣೆ.

ತೆರವು ಕಾರ್ಯಾಚರಣೆ

2016ರ ಆಗಸ್ಟ್‌ನಲ್ಲಿ ರಾಜಕಾಲುವೆ ಒತ್ತುವರಿ ತೆರವಿನ ವೇಳೆ ಹಲವು ಮನೆಗಳನ್ನು ಕೆಡವಲಾಯಿತು. ಮನೆ ಕಳೆದುಕೊಂಡವರಲ್ಲಿ ಕೆಲವರು ಮಂಜೂರಾದ ನಕ್ಷೆ ಹಾಗೂ ಖಾತೆಯನ್ನು ಹೊಂದಿದ್ದುದಾಗಿ ಹೇಳಿದ್ದರಿಂದ, ಅನುಮತಿ ನೀಡಿದ ಅಧಿಕಾರಿಗಳ ಹೊಣೆಗಾರಿಕೆಯ ಪ್ರಶ್ನೆಯೂ ಎದ್ದಿತು.

ಸುಪ್ರೀಂ ಕೋರ್ಟ್ ನಿರ್ದೇಶನಗಳು

2024ರ ನವೆಂಬರ್ 13ರ ತೀರ್ಪು ದೇಶದಾದ್ಯಂತ ತೆರವಿಗೆ ಮುನ್ನ 15 ದಿನಗಳ ನೋಟಿಸ್, ಖುದ್ದು ಅಹವಾಲು ಆಲಿಕೆ ಮತ್ತು ಕಾರಣಸಹಿತ ಆದೇಶವನ್ನು ಕಡ್ಡಾಯಗೊಳಿಸಿತು. ಉಲ್ಲಂಘನೆಯು ದಂಡದಿಂದ ಸರಿಪಡಿಸಬಹುದಾದುದೇ ಮತ್ತು ತೆರವೊಂದೇ ಉಳಿದಿರುವ ಮಾರ್ಗವೇ ಎಂಬುದನ್ನು ಆದೇಶವು ತಿಳಿಸಬೇಕು. ರಸ್ತೆ, ಪಾದಚಾರಿ ಮಾರ್ಗ, ಜಲಮೂಲ ಮೊದಲಾದ ಸಾರ್ವಜನಿಕ ಸ್ಥಳಗಳ ಒತ್ತುವರಿಗೆ ಈ ನಿರ್ದೇಶನಗಳು ಅನ್ವಯಿಸುವುದಿಲ್ಲ.

ಅದೇ ವರ್ಷದ ಡಿಸೆಂಬರ್ 17ರ ತೀರ್ಪು ನಿರ್ಮಾಣ ಹಂತದ ನಿಗಾವಣೆಗೆ ಒತ್ತು ನೀಡಿತು. ಮಂಜೂರಾದ ನಕ್ಷೆಯನ್ನು ಸ್ಥಳದಲ್ಲಿ ಪ್ರದರ್ಶಿಸಬೇಕು, ಅಧಿಕಾರಿಗಳು ನಿಯತವಾಗಿ ಪರಿಶೀಲಿಸಿ ದಾಖಲಿಸಬೇಕು ಮತ್ತು ‘ಒ.ಸಿ.’ ಎಂದು ರೂಢಿಯಲ್ಲಿರುವ ಸ್ವಾಧೀನಾನುಭವ ಪತ್ರವಿಲ್ಲದೆ ವಿದ್ಯುತ್, ನೀರು ಹಾಗೂ ಒಳಚರಂಡಿ ಸಂಪರ್ಕ ನೀಡಬಾರದು ಎಂದು ಅದು ಸೂಚಿಸಿತು. ಇದರಿಂದ ಬೆಂಗಳೂರಿನಲ್ಲಿ ಅನೇಕ ಹೊಸ ಮನೆಗಳ ವಿದ್ಯುತ್ ಸಂಪರ್ಕ ಸ್ಥಗಿತಗೊಂಡಿತು. 2025ರಲ್ಲಿ ರಾಜ್ಯ ಸರ್ಕಾರವು 1,200 ಚದರ ಅಡಿವರೆಗಿನ ನಿವೇಶನಗಳಲ್ಲಿನ ಸಣ್ಣ ವಾಸದ ಮನೆಗಳಿಗೆ ಸ್ವಾಧೀನಾನುಭವ ಪತ್ರದಿಂದ ವಿನಾಯಿತಿ ನೀಡಲು ನಿರ್ಧರಿಸಿತು.

ಜಾರಿಯ ಹಂತಗಳು

ಅಡಿಪಾಯದ ಹಂತದಲ್ಲಿ ಪತ್ತೆಯಾದ ಲೋಪವನ್ನು ಮಾಲೀಕರು ಅಲ್ಪ ವೆಚ್ಚದಲ್ಲಿ ಸರಿಪಡಿಸಬಹುದು. ಕಟ್ಟಡ ಪೂರ್ಣಗೊಂಡು ಮಾರಾಟವಾದ ಬಳಿಕ ನಷ್ಟವು ಉಲ್ಲಂಘಿಸಿದವರಿಂದ ಖರೀದಿದಾರರಿಗೆ ಹಾಗೂ ಬಾಡಿಗೆದಾರರಿಗೆ ವರ್ಗಾವಣೆಯಾಗುತ್ತದೆ. ಆ ಹಂತದಲ್ಲಿ ಪಾಲಿಕೆಗೆ ತೆರವು ಮತ್ತು ಸಕ್ರಮೀಕರಣ ಎಂಬ ಎರಡೇ ಮಾರ್ಗಗಳು ಉಳಿಯುತ್ತವೆ. ನೋಟಿಸ್ ಹಾಗೂ ಆದೇಶಗಳ ನಂತರ ಮೇಲ್ಮನವಿ ಮತ್ತು ತಡೆಯಾಜ್ಞೆಗಳಿಗೂ ಅವಕಾಶವಿರುವುದರಿಂದ ಇತ್ಯರ್ಥಕ್ಕೆ ಹಲವು ವರ್ಷಗಳು ಹಿಡಿಯುವುದುಂಟು.