ಭಾವ ಎಣಿಸುತ್ತಿದ್ದ ದಿನಗಳು

2024ರ ಬೇಸಿಗೆಯಲ್ಲಿ ಓಹಾಯೊದ ಕೊಲಂಬಸ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅಡುಗೆಮನೆಯ ಫ್ರಿಜ್ಜಿನ ಮೇಲೊಂದು ಕ್ಯಾಲೆಂಡರು, ದಿನಕ್ಕೊಂದು ಗೀಟು. ಅಕ್ಕನದೇನೋ ವ್ರತ ಇರಬೇಕು ಅಂದುಕೊಂಡೆ. “ಇನ್ನು ನಾನೂರು ಚಿಲ್ಲರೆ ದಿನ ಕಣೋ, ಆಮೇಲೆ ನಂಗೆ ಅರವತ್ತೈದು” ಅಂದರು ಭಾವ. ಅರವತ್ತೈದಾಗಲಿ ಎಂದು ಇಷ್ಟು ಆತುರಪಡುವವರನ್ನು ನಾನು ಕಂಡಿರಲಿಲ್ಲ. ಮನೆಸಾಲ ತೀರಿದೆ, ಮಕ್ಕಳು ದುಡಿಯುತ್ತಿದ್ದಾರೆ, ಕೆಲಸ ಬಿಡಬಾರದೇ ಎಂದೆ. “ಬಿಟ್ರೆ ಇನ್ಶೂರೆನ್ಸು?” ಎಂದರು. ಅವರ ಎದೆಯಲ್ಲೊಂದು ಸ್ಟೆಂಟ್ ಇದೆ, ಅಕ್ಕನಿಗೆ ಸಕ್ಕರೆ ಕಾಯಿಲೆ. ಇಬ್ಬರ ವಿಮೆಯೂ ಅವರ ನೌಕರಿಗೆ ಅಂಟಿಕೊಂಡಿತ್ತು.

ನಾನು ಇತಿಹಾಸ ಪಾಠ ಮಾಡಿಕೊಂಡು ಬಂದವನು. ಲಿಂಕನ್, ಅಂತರ್ಯುದ್ಧ, ಮಹಾಕುಸಿತ ಇಷ್ಟು ಹೇಳಿದರೆ ಅಮೆರಿಕದ ಸಿಲಬಸ್ ಮುಗಿಯುತ್ತಿತ್ತು. ಅಲ್ಲಿ ಕಾಯಿಲೆಗೂ ನೌಕರಿಗೂ ಗಂಟು ಬಿದ್ದದ್ದು ಹೇಗೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಊರಿಗೆ ಬಂದ ಮೇಲೆ ಹುಡುಕಿ ಓದಿದೆ.

ಈ ಗಂಟನ್ನು ಯಾರೂ ಯೋಚಿಸಿ ಹಾಕಿದ್ದಲ್ಲ. 1929ರಲ್ಲಿ ಟೆಕ್ಸಸ್‌ನ ಡಲ್ಲಾಸಿನಲ್ಲಿ ಬೇಲರ್ ಆಸ್ಪತ್ರೆ ಅಲ್ಲಿಯ ಶಾಲಾ ಶಿಕ್ಷಕರ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ತಿಂಗಳಿಗೆ 50 ಸೆಂಟ್ ಕಟ್ಟಿದರೆ ವರ್ಷಕ್ಕೆ 21 ದಿನದವರೆಗೆ ಆಸ್ಪತ್ರೆವಾಸ ಉಚಿತ. ಬಿಲ್ ಕಟ್ಟಲಾರದ ರೋಗಿಗಳಿಂದ ಸೋತಿದ್ದ ಆಸ್ಪತ್ರೆಗೂ ಅದು ಬೇಕಾಗಿತ್ತು. ‘ಬ್ಲೂ ಕ್ರಾಸ್’ ಎಂಬ ವಿಮೆ ಹುಟ್ಟಿದ್ದು ಇದರಿಂದ. ಆದರೂ 1940ರಲ್ಲಿ ಇಂಥ ವಿಮೆ ಇದ್ದದ್ದು ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರಿಗೆ.

ಆಮೇಲೆ ಯುದ್ಧ ಬಂತು. ಗಂಡಸರೆಲ್ಲ ಸೇನೆಗೆ ಹೋದರು, ಕಾರ್ಖಾನೆಗಳಿಗೆ ಆಳು ಸಿಗದಾಯಿತು. ಕೂಲಿ ಏರಿದರೆ ಬೆಲೆಯೂ ಏರುತ್ತದೆ ಎಂದು ಸರ್ಕಾರ 1942ರಲ್ಲಿ ಸಂಬಳಕ್ಕೆ ಕಡಿವಾಣ ಹಾಕಿತು. ಆದರೆ ಅದೇ ಕಾನೂನು ಮಿತಿಯೊಳಗಿನ ವಿಮೆ ಮತ್ತು ಪಿಂಚಣಿಯನ್ನು ಸಂಬಳದ ಲೆಕ್ಕದಿಂದ ಹೊರಗಿಟ್ಟಿತು. ಸಂಬಳ ಏರಿಸಲಾಗದ ಮಾಲೀಕರು ‘ನಮ್ಮಲ್ಲಿಗೆ ಬನ್ನಿ, ಆಸ್ಪತ್ರೆ ಖರ್ಚು ನಮ್ಮದು’ ಎಂದು ಆಳು ಹಿಡಿದರು. ಯುದ್ಧ ಮುಗಿದರೂ ಆ ಏರ್ಪಾಡು ಮುಗಿಯಲಿಲ್ಲ. 1950ರ ಹೊತ್ತಿಗೆ ಸುಮಾರು ಅರ್ಧ ದೇಶಕ್ಕೆ ಆಸ್ಪತ್ರೆ ವಿಮೆ ಬಂದಿತ್ತು. 1954ರ ತೆರಿಗೆ ಕಾನೂನು ಮಾಲೀಕರು ಕೊಡುವ ವಿಮೆಗೆ ತೆರಿಗೆಯಿಲ್ಲವೆಂದು ಖಚಿತಪಡಿಸಿ ಗಂಟನ್ನು ಬಿಗಿ ಮಾಡಿತು. ತಾತ್ಕಾಲಿಕವೆಂದು ಹಾಕಿದ ಚಪ್ಪರದಲ್ಲೇ ಸಂಸಾರ ಹೂಡಿದಂತೆ.

ಬೇರೆ ದಾರಿ ಇರಲಿಲ್ಲವೆಂದಲ್ಲ. ಎಲ್ಲರಿಗೂ ರಾಷ್ಟ್ರೀಯ ಆರೋಗ್ಯ ವಿಮೆ ಬೇಕೆಂದು ಅಧ್ಯಕ್ಷ ಟ್ರೂಮನ್ 1945ರ ನವೆಂಬರಿನಲ್ಲೇ ಸಂಸತ್ತಿಗೆ ಬರೆದಿದ್ದರು. ವೈದ್ಯರ ಸಂಘ ಅದನ್ನು ಸಮಾಜವಾದವೆಂದು ಕೂಗೆಬ್ಬಿಸಿತು. ಶೀತಲ ಸಮರದ ದಿನಗಳಲ್ಲಿ ಆ ಒಂದು ಮಾತು ಸಾಕಾಗಿತ್ತು. ಕಾರ್ಮಿಕ ಸಂಘಗಳೂ ಕಾದು ದಣಿದು, ಕಂಪನಿಗಳ ಜೊತೆ ಚೌಕಾಸಿ ಮಾಡಿ ತಮ್ಮ ಸದಸ್ಯರಿಗಾದರೂ ವಿಮೆ ಗಿಟ್ಟಿಸಿಕೊಂಡವು. ನನಗೆ ಇದೇ ದೊಡ್ಡ ತಿರುವು ಅನ್ನಿಸುತ್ತದೆ. ಗಟ್ಟಿಯಾಗಿ ಕೇಳಬಲ್ಲವರಿಗೆ ಸಿಕ್ಕಿಬಿಟ್ಟ ಮೇಲೆ ಉಳಿದವರ ಪರವಾಗಿ ಕೇಳುವವರು ಯಾರು?

ಉಳಿದವರಲ್ಲಿ ಮೊದಲಿಗರು ಮುದುಕರು. ನೌಕರಿ ಹೋದಂತೆ ವಿಮೆಯೂ ಹೋಗುವ, ಕಾಯಿಲೆ ಮಾತ್ರ ಹೆಚ್ಚುವ ವಯಸ್ಸು. ಅವರಿಗಾಗಿ ಬಂದದ್ದು ಮೆಡಿಕೇರ್. 1965ರ ಜುಲೈ 30ರಂದು ಅಧ್ಯಕ್ಷ ಜಾನ್ಸನ್ ಮಿಸೌರಿಯ ಇಂಡಿಪೆಂಡೆನ್ಸ್‌ಗೆ ಹೋಗಿ, ಟ್ರೂಮನ್ ಎದುರಲ್ಲೇ ಸಹಿ ಹಾಕಿ, ಮೊದಲ ಕಾರ್ಡನ್ನು ಅವರಿಗೇ ಕೊಟ್ಟರು. 65 ಎಂಬ ಗೆರೆ 1935ರ ಪಿಂಚಣಿ ಕಾನೂನಿನಿಂದ ಬಂದದ್ದು. ಆಗ ಹುಟ್ಟಿದ ಮಗುವಿನ ನಿರೀಕ್ಷಿತ ಆಯಸ್ಸು 65 ಮುಟ್ಟುತ್ತಿರಲಿಲ್ಲ, ಈಗ 78 ದಾಟಿದೆ. ಮೆಡಿಕೇರ್ ಇನ್ನೊಂದು ಕೆಲಸವನ್ನೂ ಮಾಡಿತು, ಅದನ್ನು ಹೇಳದೆ ಮುಂದೆ ಹೋಗಲಾರೆ. ಕರಿಯರನ್ನು ಬೇರೆ ವಾರ್ಡಿನಲ್ಲಿಡುವ ಆಸ್ಪತ್ರೆಗೆ ಈ ಹಣ ಇಲ್ಲ ಎಂದದ್ದೇ ತಡ, ಸಾವಿರಕ್ಕೂ ಹೆಚ್ಚು ಆಸ್ಪತ್ರೆಗಳು ಕೆಲವೇ ತಿಂಗಳಲ್ಲಿ ಆ ಗೋಡೆ ಕೆಡವಿದವು.

ಅದೇ ವರ್ಷ ಅಕ್ಟೋಬರ್ 3ರಂದು ಜಾನ್ಸನ್ ಸ್ವಾತಂತ್ರ್ಯ ಪ್ರತಿಮೆಯ ಬುಡದಲ್ಲಿ ಕೂತು ಇನ್ನೊಂದು ಕಾನೂನಿಗೆ ಸಹಿ ಹಾಕಿದರು. ಯುರೋಪಿನವರಿಗೆ ಮಣೆ ಹಾಕಿ ಏಷ್ಯಾದವರನ್ನು ದೂರವಿಟ್ಟಿದ್ದ ವಲಸೆ ಪದ್ಧತಿ ಅಲ್ಲಿಗೆ ಮುಗಿಯಿತು. ಒಂದು ಕಾನೂನು ಆಸ್ಪತ್ರೆಗಳಿಗೆ ರೋಗಿಗಳನ್ನು ತಂದರೆ ಇನ್ನೊಂದು ವೈದ್ಯರನ್ನು ತಂದಿತು. ಮೈಸೂರು, ಮಣಿಪಾಲಗಳಲ್ಲಿ ಓದಿದವರು ಹೋಗಿ ಅಲ್ಲಿಯ ಸಣ್ಣ ಊರುಗಳಲ್ಲಿ ನೆಲೆಸಿದರು. ಇವತ್ತು ಅಮೆರಿಕದ ವೈದ್ಯರಲ್ಲಿ ಸುಮಾರು ಕಾಲುಭಾಗ ಹೊರದೇಶಗಳಲ್ಲಿ ಓದಿದವರು, ಅವರಲ್ಲಿ ಭಾರತದವರೇ ಹೆಚ್ಚು. 1980ರ ದಶಕದ ಕೊನೆಗೆ ಓದಲು ಹೋದ ನಮ್ಮ ಭಾವ ಅಲ್ಲೇ ನಿಂತದ್ದೂ ಆ ಎರಡನೇ ಬಾಗಿಲು ತೆರೆದಿದ್ದರಿಂದ. ಈಗ ಕಾಯುತ್ತಿದ್ದದ್ದು ಮೊದಲನೆಯ ಬಾಗಿಲಿಗೆ.

ಆ ಬಾಗಿಲಲ್ಲಿ ಅವರೊಬ್ಬರೇ ಇರಲಿಲ್ಲ. ಯುದ್ಧ ಮುಗಿದು 1946ರಿಂದ 1964ರವರೆಗೆ ಅಲ್ಲಿ ಮಕ್ಕಳ ಸುಗ್ಗಿ. ಆ ಪೀಳಿಗೆಯವರು 2011ರಿಂದ ದಿನಕ್ಕೆ ಹತ್ತು ಸಾವಿರದ ಲೆಕ್ಕದಲ್ಲಿ 65 ತಲುಪುತ್ತಿದ್ದಾರೆ. 1957ರಲ್ಲಿ ತಾಯಿಗೆ ಸರಾಸರಿ 3.7 ಇದ್ದ ಮಕ್ಕಳು ಈಗ 1.6. 1960ರಲ್ಲಿ ಒಬ್ಬ ಪಿಂಚಣಿದಾರನ ಹಿಂದೆ ಐವರು ದುಡಿಯುತ್ತಿದ್ದರು, ಈಗ ಮೂವರೂ ಇಲ್ಲ. ಆಗ ದೇಶದ ಒಟ್ಟು ಉತ್ಪನ್ನದಲ್ಲಿ ಆರೋಗ್ಯದ ಪಾಲು ಶೇ. 5, ಈಗ ಶೇ. 18ರ ಹತ್ತಿರ. ದುಡಿಯುವ ಕೈ ಬೇಕಾದ ಇದೇ ಹೊತ್ತಿನಲ್ಲಿ 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದರು. ಲೆಕ್ಕ ಗೊತ್ತಿಲ್ಲದವರು ಮಾಡಿದ್ದಲ್ಲ ಅದು, ಲೆಕ್ಕ ಬೇಡವಾದವರು ಮಾಡಿದ್ದು.

2025ರ ಜೂನಿನಲ್ಲಿ ಭಾವನಿಗೆ ಅರವತ್ತೈದಾಯಿತು. ಕೆಂಪು, ಬಿಳಿ, ನೀಲಿ ಬಣ್ಣದ ಕಾಗದದ ಕಾರ್ಡಿನ ಫೋಟೋ ವಾಟ್ಸಾಪಿನಲ್ಲಿ ಬಂತು. ಕಾರ್ಡು ಅವರೊಬ್ಬರಿಗೇ. ಮೆಡಿಕೇರ್‌ನಲ್ಲಿ ಹೆಂಡತಿ ಸೇರುವುದಿಲ್ಲ, ಅಕ್ಕನಿಗೆ ಅರವತ್ತೆರಡು. ವರ್ಷದ ಕೊನೆಗೆ ಕೆಲಸ ಬಿಟ್ಟು, ಒಬಾಮಾ ಕಾಲದ ಕಾನೂನಿನಡಿ ಅಕ್ಕನಿಗೊಂದು ವಿಮೆ ಕೊಳ್ಳುವುದು ಎಂದು ಭಾವ ಲೆಕ್ಕ ಹಾಕಿದ್ದರು. ಅಂಥ ವಿಮೆಗೆ 2021ರಲ್ಲಿ ಹೆಚ್ಚಿಸಿದ್ದ ಸಬ್ಸಿಡಿ ಡಿಸೆಂಬರಿಗೆ ಮುಗಿಯುವುದಿತ್ತು. ಅದನ್ನು ಮುಂದುವರಿಸಬೇಕೋ ಬೇಡವೋ ಎಂಬ ಜಗಳದಲ್ಲಿ ಸರ್ಕಾರ ಅಕ್ಟೋಬರ್, ನವೆಂಬರಿನಲ್ಲಿ 43 ದಿನ ಬಾಗಿಲು ಹಾಕಿಕೊಂಡಿತು. ಬಾಗಿಲು ತೆರೆಯಿತು, ಸಬ್ಸಿಡಿ ಡಿಸೆಂಬರಿಗೆ ಮುಗಿದೇಹೋಯಿತು.

ಸಂಕ್ರಾಂತಿಗೆ ಫೋನ್ ಮಾಡಿದಾಗ ಭಾವ ಆಫೀಸಿಗೆ ಹೊರಡುತ್ತಿದ್ದರು. ಫ್ರಿಜ್ಜಿನ ಮೇಲೆ ಹೊಸ ಕ್ಯಾಲೆಂಡರು ಬಂದಿದೆಯಂತೆ. ಈಗ ಗೀಟು ಹಾಕುವವಳು ಅಕ್ಕ.