ಡಾಕ್ಟರ್ ಪರವಾಗಿ ಬರೆಯುವ ಎಐ: ನಮ್ಮ ಪಿಎಚ್‌ಸಿಗೆ ಬೇಕಿರೋದು ಇದೇನಾ?

ಡಾಕ್ಟರ್ ಮತ್ತು ರೋಗಿ ಆಡುವ ಮಾತನ್ನು ಮೈಕ್‌ನಲ್ಲಿ ಕೇಳಿಸಿಕೊಂಡು, ತಾನೇ ಕೇಸ್ ಶೀಟ್ ಬರೆದುಕೊಡುವ ಸಾಫ್ಟ್‌ವೇರಿಗೆ ‘ಎಐ ಸ್ಕ್ರೈಬ್’ ಅಂತಾರೆ. ಎಐ ಗುಮಾಸ್ತ ಅಂದುಕೊಳ್ಳಿ. ಇದು ಅಮೆರಿಕದಲ್ಲಿ ಜೋರಾಗಿ ಹಬ್ಬಿರುವುದಕ್ಕೆ ಕಾರಣವಿದೆ. ರೋಗಿಗಳ ಜೊತೆ ಕಳೆಯುವ ಪ್ರತಿ ಒಂದು ಗಂಟೆಗೆ ವೈದ್ಯರ ಸುಮಾರು ಎರಡು ಗಂಟೆ ಕಂಪ್ಯೂಟರ್ ಮತ್ತು ಕಾಗದದ ಕೆಲಸಕ್ಕೇ ಹೋಗುತ್ತದೆ ಎಂದು ಅಲ್ಲಿನ 2016ರ ಅಧ್ಯಯನವೊಂದು ಹೇಳಿತ್ತು.

ನಮ್ಮ ಲೆಕ್ಕ ಬೇರೆ. 67 ದೇಶಗಳ ಮಾಹಿತಿ ಒಟ್ಟುಗೂಡಿಸಿ 2017ರಲ್ಲಿ ‘ಬಿಎಂಜೆ ಓಪನ್’ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಪ್ರಾಥಮಿಕ ಹಂತದಲ್ಲಿ ಒಬ್ಬ ರೋಗಿಗೆ ಸ್ವೀಡನ್ನಿನ ವೈದ್ಯರು ಕೊಡುವ ಸಮಯ 22.5 ನಿಮಿಷ, ಭಾರತದಲ್ಲಿ ಸುಮಾರು ಎರಡು ನಿಮಿಷ. ಎರಡು ನಿಮಿಷದ ಮಾತಿನಲ್ಲಿ ಎಐಗೆ ಬರೆಯೋಕೆ ಸಿಗುವುದಾದರೂ ಏನು?

ಹಾಗಂತ ನಮ್ಮಲ್ಲಿ ಬರವಣಿಗೆಯ ಹೊರೆ ಇಲ್ಲ ಅಂತಲ್ಲ. ಟಿಬಿಗೆ ನಿಕ್ಷಯ್, ಗರ್ಭಿಣಿಯರಿಗೆ ಆರ್‌ಸಿಎಚ್, ಬಿಪಿ-ಶುಗರ್‌ಗೆ ಎನ್‌ಸಿಡಿ, ಸಾಂಕ್ರಾಮಿಕ ರೋಗಗಳಿಗೆ ಐಎಚ್‌ಐಪಿ, ತಿಂಗಳ ವರದಿಗೆ ಎಚ್‌ಎಂಐಎಸ್. ಇದರ ಮೇಲೆ 14 ಅಂಕಿಯ ಆಭಾ ಸಂಖ್ಯೆ, ಪಕ್ಕದಲ್ಲಿ ರಿಜಿಸ್ಟರು ಬೇರೆ. ಈ ಭಾರ ಬೀಳುವುದು ಡಾಕ್ಟರಿಗಿಂತ ಹೆಚ್ಚಾಗಿ ನರ್ಸ್, ಲ್ಯಾಬ್ ಟೆಕ್ನಿಷಿಯನ್, ಆಶಾ ಕಾರ್ಯಕರ್ತೆಯರ ಮೇಲೆ. ರಾಜ್ಯದ ಆಶಾಗಳು ವರ್ಷಗಳಿಂದ ಹೇಳುತ್ತಿರುವುದೂ ಇದನ್ನೇ: ಪೋರ್ಟಲ್‌ಗೆ ಎಂಟ್ರಿ ಆಗದಿದ್ದರೆ ಮಾಡಿದ ಕೆಲಸದ ಪ್ರೋತ್ಸಾಹಧನವೂ ಬರಲ್ಲ. ಒಂದು ಕಡೆ ಹಾಕಿದ ಹೆಸರು ಉಳಿದೆಲ್ಲ ಕಡೆ ತಾನಾಗಿ ಹೋಗಬೇಕು, ಅಷ್ಟೇ. ಎಂಜಿನಿಯರಿಂಗ್ ಓದಿದ ನನಗೆ ಗೊತ್ತಿರುವಂತೆ ಇದಕ್ಕೆ ಎಐ ಬೇಕಿಲ್ಲ.

ಸರಿ, ಆದರೂ ಎಐ ಗುಮಾಸ್ತನನ್ನು ತಂದರು ಅನ್ನಿ. ತುಮಕೂರಿನ ವಸಂತನರಸಾಪುರವನ್ನು ನೆನೆಸಿಕೊಳ್ಳಿ. ಕೆಐಎಡಿಬಿಯ ದೊಡ್ಡ ಕೈಗಾರಿಕಾ ಪ್ರದೇಶ, 2014ರಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾದ ಜಾಗ. ಇಂಥ ಕಡೆ ಆಸ್ಪತ್ರೆಗೆ ಬರುವವರಲ್ಲಿ ಊರಿನ ರೈತರೂ ಇರ್ತಾರೆ, ಕನ್ನಡ ಬಾರದ ವಲಸೆ ಕಾರ್ಮಿಕರೂ ಇರ್ತಾರೆ. ಕನ್ನಡದಲ್ಲಿ ‘ಇಲ್ಲ’ ಬರುವುದು ಮಾತಿನ ಕೊನೆಗೆ. ‘ಎದೆ ನೋವೇನಿಲ್ಲ ಸಾ’ ಅನ್ನುವಾಗ ಓಪಿಡಿ ಗದ್ದಲದಲ್ಲಿ ಆ ಬಾಲ ಕಳೆದುಹೋದರೆ ಉಳಿಯುವುದು ಎದೆ ನೋವು. ಓಪನ್‌ಎಐನ ವಿಸ್ಪರ್ ಪರೀಕ್ಷಿಸಿದ 2024ರ ಅಧ್ಯಯನದಲ್ಲಿ, ಇಂಗ್ಲಿಷ್ ಆಡಿಯೋದಲ್ಲೇ ಸುಮಾರು ಶೇ. 1ರಷ್ಟು ತುಣುಕುಗಳಲ್ಲಿ ಯಾರೂ ಆಡದ ಮಾತುಗಳು ಸೇರಿಕೊಂಡಿದ್ದವು.

ನನಗೆ ಇದಕ್ಕಿಂತ ಹೆಚ್ಚು ಭಯ ಸಾರಾಂಶದ್ದು. ‘ಮಷಿನ್‌ಗೆ ಕೈ ಸಿಕ್ಕಿತು’ ಅನ್ನುವುದನ್ನು ಸಾಫ್ಟ್‌ವೇರು ‘ಕೈಗೆ ಗಾಯ’ ಅಂತ ಚುಟುಕು ಮಾಡಿದರೆ ಚಿಕಿತ್ಸೆಗೆ ವ್ಯತ್ಯಾಸವಾಗದಿರಬಹುದು. ಆದರೆ ಇಎಸ್‌ಐ ಅಡಿಯಲ್ಲಿ ಪರಿಹಾರ ಸಿಗಬೇಕಾದರೆ ಗಾಯ ಕೆಲಸದಿಂದಲೇ ಆಗಿರಬೇಕು. ಕೈಬಿಟ್ಟಿದ್ದು ಒಂದು ಪದ, ಹೋಗುವುದು ಒಂದು ಕುಟುಂಬದ ಹಣ. ಎರಡು ನಿಮಿಷದ ಓಪಿಡಿಯಲ್ಲಿ ಇದನ್ನು ಓದಿ ತಿದ್ದುವವರು ಯಾರು?

ಇನ್ನು 2023ರ ಡೇಟಾ ಕಾಯ್ದೆ ಒಪ್ಪಿಗೆಯ ಬಗ್ಗೆ ಹೇಳುತ್ತದೆ. ಸೂಪರ್‌ವೈಸರ್ ಪಕ್ಕದಲ್ಲೇ ನಿಂತಿರುವಾಗ ಆ ಒಪ್ಪಿಗೆಯನ್ನು ಯಾರು, ಯಾವ ಭಾಷೆಯಲ್ಲಿ ಕೇಳ್ತಾರೆ? ಆರೋಗ್ಯ ಇಲಾಖೆ ಟೆಂಡರ್ ಕರೆಯುವ ಮೊದಲೇ ಈ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಕೊಡಲಿ.