ಪೇಪರಿನಲ್ಲಿ ಸುತ್ತಿಕೊಟ್ಟ ಆರೋಗ್ಯ

ಬಿಟಿಎಂ ಲೇಔಟಿನ ನಮ್ಮ ಬೀದಿಯ ಮೆಡಿಕಲ್ ಸ್ಟೋರಿನಲ್ಲಿ ಜ್ವರದ ಮಾತ್ರೆ ಕೇಳಿದರೆ ಹಾಗೇ ಕೈಗೆ ಕೊಡುತ್ತಾರೆ. ಕಾಂಡೋಮ್ ಕೇಳಿದರೆ ಹಳೆಯ ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ. ಎರಡೂ ಆರೋಗ್ಯದ ಸಾಮಾನುಗಳೇ. ಆದರೆ ಎರಡನೆಯದರಲ್ಲಿ ಸುಖದ ಸುಳಿವೂ ಇದೆ. ಪೇಪರು ಮುಚ್ಚುವುದು ಅದನ್ನು.

ಈ ಸಂಕೋಚ ಕನ್ನಡಕ್ಕೆ ಹುಟ್ಟಿನಿಂದ ಬಂದದ್ದಲ್ಲ. 11ನೇ ಶತಮಾನದಲ್ಲಿ ಚಂದ್ರರಾಜ ‘ಮದನತಿಲಕ’ವನ್ನೂ 15ನೇ ಶತಮಾನದಲ್ಲಿ ಕಲ್ಲರಸ ‘ಜನವಶ್ಯ’ವನ್ನೂ ಬರೆದರು. ಎರಡೂ ಕಾಮಶಾಸ್ತ್ರದ ಗ್ರಂಥಗಳು. ಅವನ್ನು ಬರೆದವರು ಗಂಡಸರು, ಓದಿದವರು ಅಕ್ಷರ ಬಲ್ಲ ಕೆಲವರು ಎಂಬುದನ್ನು ಮರೆಯುವಂತಿಲ್ಲ. ಆದರೂ ಹೆಣ್ಣಿಗೂ ಸುಖವುಂಟು, ಗಂಡು ಅದನ್ನು ಅರಿಯಬೇಕು ಎಂಬ ತಿಳಿವಳಿಕೆ ಕಾಮಶಾಸ್ತ್ರದ ಪರಂಪರೆಯಲ್ಲಿತ್ತು.

ಆಧುನಿಕ ಕಾಲ ಆರೋಗ್ಯವನ್ನು ಉಳಿಸಿಕೊಂಡು ಸುಖವನ್ನು ಬಿಟ್ಟಿತು. 1930ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ಕುಗಳಿಗೆ ಅನುಮತಿ ಕೊಟ್ಟಿತು. ಜಗತ್ತಿನಲ್ಲಿ ಸರ್ಕಾರವೇ ಮುಂದೆ ನಿಂತು ಮಾಡಿದ ಇಂಥ ಮೊದಮೊದಲ ಪ್ರಯತ್ನಗಳಲ್ಲಿ ಇದೊಂದು. ಐದು ವರ್ಷದ ನಂತರ, 1935ರ ಡಿಸೆಂಬರಿನಲ್ಲಿ, ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ಗಾಂಧೀಜಿಯೊಂದಿಗೆ ವಾದಿಸಿದರು. ದಂಪತಿಗಳ ಪ್ರೀತಿಗೆ ದೇಹದ ಕೂಟವೂ ಬೇಕು ಎಂದು ಆಕೆ. ಮಕ್ಕಳಿಗಾಗಿ ಅಲ್ಲದ ಕೂಟ ಬರೀ ಕಾಮ, ಸಂಯಮವೇ ದಾರಿ ಎಂದು ಗಾಂಧೀಜಿ. 1952ರಲ್ಲಿ ದೇಶ ಕುಟುಂಬ ಯೋಜನೆಯನ್ನು ಒಪ್ಪಿತು. ಸ್ಯಾಂಗರ್ ಹೇಳಿದ ಸಾಧನ ಬಂತು, ಅವರ ವಾದ ಹೊರಗೇ ಉಳಿಯಿತು. ‘ನಾವಿಬ್ಬರು ನಮಗಿಬ್ಬರು’ ಎಂಬ ಘೋಷಣೆ ಮಕ್ಕಳನ್ನು ಎಣಿಸಿತೇ ಹೊರತು ಆ ಇಬ್ಬರು ಹೇಗಿದ್ದಾರೆಂದು ಕೇಳಲಿಲ್ಲ.

ಕೇಳದೆ ಬಿಟ್ಟದ್ದಕ್ಕೆ ಎಲ್ಲರೂ ಬೆಲೆ ತೆತ್ತರು. ವೀರ್ಯ ಹೋದರೆ ಶಕ್ತಿಯೇ ಹೋಯಿತು ಎಂಬ ನಂಬಿಕೆಯಲ್ಲಿ ಎಷ್ಟೋ ಗಂಡಸರು ಸುಖವನ್ನೇ ಕಾಯಿಲೆ ಎಂದುಕೊಂಡು ಬಳಲಿದರು, ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ಇದನ್ನು ‘ಧಾತ್ ಸಿಂಡ್ರೋಮ್’ ಎಂದು ಕರೆದರು. ಕೂಡುವಾಗ ನೋವಾಗುವುದು ಸಹಜವೆಂದು ಹೆಂಗಸರು ಸಹಿಸಿಕೊಂಡರು, ಡಾಕ್ಟರ ಬಳಿ ಹೋಗಲಿಲ್ಲ. ಸಲಿಂಗಿಗಳಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ 377ನೇ ಕಲಮಿನ ಭಯ. ತಾನು ಯಾರೊಂದಿಗೆ ಕೂಡುತ್ತೇನೆಂದು ಹೇಳುವುದೇ ಅಪರಾಧದ ಒಪ್ಪಿಗೆಯಾಗುವಾಗ, ಎಚ್‌ಐವಿ ಪರೀಕ್ಷೆಗೆ ಹೋಗುವ ಧೈರ್ಯ ಎಲ್ಲಿಂದ ಬರಬೇಕು? 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರು ಒಪ್ಪಿ ಕೂಡುವುದು ಅಪರಾಧವಲ್ಲ ಎಂದಿತು.

ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ವ್ಯಾಖ್ಯೆಯಲ್ಲಿ, ಬಲವಂತವಿಲ್ಲದ, ಸುರಕ್ಷಿತವಾದ, ಸುಖಕರವಾದ ಅನುಭವಕ್ಕೆ ಅವಕಾಶವಿರುವುದೂ ಲೈಂಗಿಕ ಆರೋಗ್ಯವೇ. ಇದು ಬರೀ ಆದರ್ಶದ ಮಾತಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ 2022ರಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಸುಖದ ಬಗ್ಗೆಯೂ ಮಾತಾಡುವ ಕಾರ್ಯಕ್ರಮಗಳಿಂದ ಕಾಂಡೋಮ್ ಬಳಕೆ ಹೆಚ್ಚಿದೆ. ಸುಖಕ್ಕೆ ಮಾತು ಸಿಕ್ಕವರಿಗೆ ‘ಬೇಡ’ ಎನ್ನಲೂ ‘ನೋಯುತ್ತಿದೆ’ ಎನ್ನಲೂ ಮಾತು ಸಿಗುತ್ತದೆ.

ಆ ಮಾತನ್ನು ಕನ್ನಡದಲ್ಲಿ ಮನೆಮನೆಗೆ ತಲುಪಿಸಿದವರಲ್ಲಿ ವೈದ್ಯೆ ಅನುಪಮಾ ನಿರಂಜನ ಮುಖ್ಯರು. ಅವರ ‘ದಾಂಪತ್ಯ ದೀಪಿಕೆ’ ನನ್ನ ಅಮ್ಮನ ಟ್ರಂಕಿನ ತಳದಲ್ಲಿತ್ತು, ಹೆಸರು ಕಾಣದಂತೆ ಕ್ಯಾಲೆಂಡರಿನ ಹಾಳೆ ಹೊದಿಸಿಕೊಂಡು. ಆದರೆ ಹಾಳೆಗಳ ಅಂಚು ಸವೆದಿತ್ತು. ಅಮ್ಮ ಅದನ್ನು ಮತ್ತೆ ಮತ್ತೆ ಓದಿದ್ದಳು.